ಹಳೆಯ ಟ್ಯಾಬ್ಲೆಟ್ ಇರಲೋ, ಹೊಸತು ಕೊಳ್ಳೋಣವೋ?

ದೀಪಾವಳಿಯ ಬೋನಸು ಕೈಗೆ ಬರುವ ಹೊತ್ತಿಗೆ ನಮ್ಮ ವಾಚನಾಲಯದಲ್ಲಿ ಏಳುವ ಪ್ರಶ್ನೆಯೊಂದುಂಟು. ಮನೆಯ ಟ್ಯಾಬ್ಲೆಟ್ ಹಳತಾಯಿತು, ಮಕ್ಕಳು ಹೊಸತು ಬೇಕೆನ್ನುತ್ತಾರೆ, ಅಂಗಡಿಯವರು ಕಂತಿನ ಮೇಲೆ ಕೊಡುತ್ತೇವೆನ್ನುತ್ತಾರೆ, ಏನು ಮಾಡೋಣ? ಈ ಸಲ ವಾಚನಾಲಯದ ಟ್ಯಾಬ್ಲೆಟ್ಟಿಗೇ ಈ ಪ್ರಶ್ನೆ ಬಂದುದರಿಂದ ನಾವೂ ಕುಳಿತು ವಿಚಾರಿಸಬೇಕಾಯಿತು.

ನಮ್ಮದು 2013ರಲ್ಲಿ ಹೊರಬಂದ ಐಪ್ಯಾಡ್ ಏರ್. ಸದಸ್ಯರೊಬ್ಬರು ಮುಂಬಯಿಯಿಂದ ವರ್ಗವಾಗಿ ಹೋಗುವಾಗ ಕೊಟ್ಟುಹೋದದ್ದು. ಈಗ ಪತ್ರಿಕೆಗಳ ಕೆಲವು ಆ್ಯಪ್‌ಗಳು ಅದರಲ್ಲಿ ತೆರೆಯುವುದಿಲ್ಲ. ಸಂಜೆ ಏಳಕ್ಕೆ ತುಂಬಿದ ಚಾರ್ಜು ಎಂಟೂವರೆಗೆ ಮುಗಿಯುತ್ತದೆ. ಸಮಿತಿಯಲ್ಲಿ ಇಬ್ಬರು ಗುಜರಿಗೆ ಹಾಕಿಬಿಡಿ ಎಂದರು. ಆದರೆ 'ಹಳತಾಯಿತು' ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ಕಾಯಿಲೆಗಳು ಅಡಗಿವೆಯೆಂದೂ, ಎಲ್ಲಕ್ಕೂ ಹೊಸ ಯಂತ್ರವೇ ಮದ್ದಲ್ಲವೆಂದೂ ವಿಚಾರಿಸಿದ ಮೇಲೆ ತಿಳಿಯಿತು.

ಬ್ಯಾಟರಿಯನ್ನೇ ನೋಡಿ. ಅದು ಚಪ್ಪಲಿಯ ಅಟ್ಟೆಯಂತೆ ಸವೆಯುವ ವಸ್ತು. ಸಾವಿರ ಪೂರ್ಣ ಸುತ್ತು ಚಾರ್ಜಾದ ಮೇಲೆ ಮೊದಲಿನ ಶಕ್ತಿಯ ನೂರಕ್ಕೆ 80 ಪಾಲು ಉಳಿಯುವಂತೆ ಐಪ್ಯಾಡಿನ ಬ್ಯಾಟರಿಯನ್ನು ಮಾಡಿದೆ ಎಂದು ತಯಾರಕರೇ ಹೇಳುತ್ತಾರೆ. ಅರ್ಧರ್ಧ ಎರಡು ಸಲ ತುಂಬಿದರೆ ಅದು ಒಂದು ಸುತ್ತು. ಸವೆದುದನ್ನು ಬದಲಾಯಿಸಬಹುದು, ಲ್ಯಾಮಿಂಗ್ಟನ್ ರಸ್ತೆಗೆ ಹೋದವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಐಪ್ಯಾಡಿನಲ್ಲಿ ಗಾಜನ್ನು ಅಂಟಿನಿಂದ ಕೂಡಿಸಿರುತ್ತಾರೆ, ಬಿಚ್ಚುವಾಗ ಒಡೆಯಬಹುದು. ಒಡೆದರೆ ಖರ್ಚು ಯಾರದೆಂದು ಮೊದಲೇ ಕೇಳಿಕೊಳ್ಳತಕ್ಕದ್ದು. ಬ್ಯಾಟರಿ ಉಬ್ಬಿ ಗಾಜು ಮೇಲೆದ್ದಿದ್ದರೆ ಮಾತ್ರ ಆ ಕ್ಷಣವೇ ಬಳಕೆ ನಿಲ್ಲಿಸಬೇಕು, ಬೆಂಕಿಯ ಭಯವುಂಟು.

ಕೆಲಸ ನಿಧಾನವೆಂದು ಹಲವರು ಚಿತ್ರಗಳನ್ನೆಲ್ಲ ಅಳಿಸುತ್ತಾರೆ. ಸಂಗ್ರಹವೆಂಬುದು ಕಪಾಟು, ರ‍್ಯಾಮ್ ಎಂಬುದು ಬರೆಯುವ ಮೇಜು. ಕಪಾಟು ಕಿಕ್ಕಿರಿದಿದ್ದರೆ ಖಾಲಿಮಾಡಿ ಪ್ರಯೋಜನವುಂಟು, ಆದರೆ ಅದರಿಂದ ಮೇಜು ದೊಡ್ಡದಾಗದು. ನಮ್ಮ ಯಂತ್ರದ ಮೇಜು 1 ಜಿಬಿ ಮಾತ್ರ. ಇಂದಿನ ಭಾರವಾದ ಜಾಲತಾಣಗಳಿಗೆ ಅದು ಸಾಲದು.

ಮುಖ್ಯವಾದ ಮಾತು ತಂತ್ರಾಂಶದ್ದು. ಈ ಐಪ್ಯಾಡಿಗೆ 2018ರ ಹನ್ನೆರಡನೆಯ ಆವೃತ್ತಿಯೇ ಕೊನೆ. 2019ರ ಹದಿಮೂರನೆಯದು ಬರಲಿಲ್ಲ. ಆಮೇಲೆ ಬಂದುವು ಸಣ್ಣಪುಟ್ಟ ರಿಪೇರಿಗಳಷ್ಟೆ. ಹೊಸ ಆ್ಯಪ್‌ಗಳು ತೆರೆಯದಿರುವುದಕ್ಕೆ ಇದೇ ಕಾರಣ. ಕಳ್ಳರು ಕಂಡುಹಿಡಿದ ಹೊಸ ಕಿಂಡಿಗಳನ್ನು ಮುಚ್ಚುವವರಿಲ್ಲದ ಇಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಸರ್ವಥಾ ಸಲ್ಲದು.

ಹಿಂದೊಮ್ಮೆ ಕನ್ನಡಿಗರಿಗೆ ಹೊಸ ಆವೃತ್ತಿಯೆಂದರೆ ನಿಜವಾದ ಲಾಭವೇ ಆಗಿತ್ತು. ಆ್ಯಂಡ್ರಾಯ್ಡಿಗೆ ಕನ್ನಡ ಲಿಪಿಯ ಬೆಂಬಲ ಸೇರಿದ್ದು 2012ರ 4.1 ಆವೃತ್ತಿಯಲ್ಲಿ, ಅದಕ್ಕೆ ಮೊದಲು ಎಷ್ಟೋ ಯಂತ್ರಗಳಲ್ಲಿ ನಮ್ಮ ಅಕ್ಷರಗಳ ಬದಲು ಖಾಲಿ ಚೌಕಗಳು ಕಾಣುತ್ತಿದ್ದುವು. ಐಪ್ಯಾಡಿನಲ್ಲಿ ಕನ್ನಡದ ಕೀಲಿಮಣೆ ಬಂದದ್ದು 2017ರಲ್ಲಿ. ಆಗ ಬದಲಾಯಿಸಿದವರು ಜಾಣರು. ಈಗಿನ ಹೊಸತುಗಳಲ್ಲಿ ಓದುಗನಿಗೆ ಅಂಥ ಲಾಭ ನಮಗೆ ಕಾಣಲಿಲ್ಲ.

ಪರದೆಯ ವಿಷಯದಲ್ಲಂತೂ ಆಶ್ಚರ್ಯವೇ ಆಯಿತು. ನಮ್ಮ ಹಳೆಯ ಪರದೆಯಲ್ಲಿ ಅಂಗುಲಕ್ಕೆ 264 ಚುಕ್ಕೆ; 2025ರಲ್ಲಿ ಬಂದ ಸಾಧಾರಣ ಐಪ್ಯಾಡಿನಲ್ಲಿಯೂ ಅಷ್ಟೇ! ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಓದುವುದು ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳನ್ನು. ಅವು ಪುಟಗಳ ಚಿತ್ರಗಳು. ಫೋನಿನಲ್ಲಿ ಹಿಗ್ಗಿಸಿದರೆ ಸಾಲು ಪರದೆಯಾಚೆ ಓಡುತ್ತದೆ. ಹತ್ತಂಗುಲದ ಪರದೆಯಲ್ಲಿ ಇಡೀ ಪುಟ ಒಮ್ಮೆಗೇ ಕಾಣುತ್ತದೆ. ಈ ಕೆಲಸಕ್ಕೆ ನಮ್ಮ ಹಳಬ ಇನ್ನೂ ಗಟ್ಟಿ.

ಅದೇ ವಾರ ಗೋದಾಮಿನ ಗುಮಾಸ್ತರೊಬ್ಬರು ಬಂದರು. ಮಗಳ ಕಾಲೇಜಿನ ಪಾಠದ ಆ್ಯಪ್ ಅವರ ಹಳೆಯ ಟ್ಯಾಬ್ಲೆಟ್ಟಿಗೆ ಇಳಿಯುವುದೇ ಇಲ್ಲ. ಒಂದೇ ಕೋಣೆಯ ಮನೆ. ತಂದೆ ಕೆಲಸಕ್ಕೆ ಹೋದರೆ ಫೋನೂ ಅವರೊಡನೆ ಹೋಗುತ್ತದೆ, ಹುಡುಗಿಯ ಪಾಠ ನಿಲ್ಲುತ್ತದೆ. ಅವರಿಗೆ ನಾವು ಕೊಳ್ಳಿರೆಂದೇ ಹೇಳಿದೆವು. ಆದರೆ ಹೊಚ್ಚಹೊಸ ಮಾದರಿ ಬೇಡ, ಹಿಂದಿನ ವರ್ಷದ್ದು ಸಾಕು. ರ‍್ಯಾಮ್ 4 ಜಿಬಿಗೆ ಕಡಿಮೆ ಬೇಡ. ರಕ್ಷಣೆಯ ನವೀಕರಣ ಯಾವ ಇಸವಿಯವರೆಗೆ ಎಂದು ಕೇಳಿ, ಉತ್ತರ ಸಿಗದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. 'ಬಡ್ಡಿಯಿಲ್ಲದ ಕಂತು' ಎಂಬ ಫಲಕವನ್ನು ನಂಬಿ ಸಹಿಹಾಕಬಾರದು. ಸೊನ್ನೆ ಬಡ್ಡಿಯೆಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಹೇಳಿದೆ. ಎಲ್ಲ ಕಂತುಗಳನ್ನೂ ಶುಲ್ಕವನ್ನೂ ಕೂಡಿಸಿ, ನಗದು ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ಬಡ್ಡಿ ಎಲ್ಲಿ ಅಡಗಿದೆಯೆಂದು ಕಾಣುತ್ತದೆ.

ವಾಚನಾಲಯದ ಟ್ಯಾಬ್ಲೆಟ್ಟನ್ನು ಇಟ್ಟುಕೊಳ್ಳುವುದೆಂದು ಸಮಿತಿ ತೀರ್ಮಾನಿಸಿದೆ. ಬ್ಯಾಟರಿಯನ್ನು ಸದ್ಯಕ್ಕೆ ಬದಲಿಸುವುದಿಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಪ್ಲಗ್ಗಿಗೆ ಹತ್ತಿರ ಇಟ್ಟಿದೆ. ಪುಸ್ತಕಗಳ ಪಟ್ಟಿ ಅಲ್ಲಿಯೇ ಇದೆ, ಚಾರ್ಜರು ಗ್ರಂಥಪಾಲಕರ ಬಳಿ. ಅದರಲ್ಲಿ ಯಾರೂ ತಮ್ಮ ಪಾಸ್‌ವರ್ಡನ್ನಾಗಲಿ ಬ್ಯಾಂಕಿನ ವಿವರಗಳನ್ನಾಗಲಿ ಹಾಕಬಾರದಾಗಿ ವಿನಂತಿ.