ಹಳೆಯ ಕಿಟಕಿಗೆ ಹೊಸ ಹಿಡಿಕೆ

ಕಲಬುರಗಿಯ ಶಹಾಬಜಾರದ ಹಳೆಯ ಮನೆಯೊಂದರಲ್ಲಿ ಕಿಟಕಿಯನ್ನು ಎಳೆದಾಗ ಹಿಡಿಕೆಯೇ ಕೈಗೆ ಬಂದುದನ್ನು ನಾವು ಕಂಡೆವು. ಬೇಸಗೆಯ ಬಿಸಿಲಿಗೆ ಒಣಗಿ ಕುಗ್ಗಿದ್ದ ಮರವು ಮಳೆಗಾಲದ ತೇವವನ್ನು ಹೀರಿ ಉಬ್ಬಿ, ಕದವು ಬಿಗಿದುಕೊಂಡಿದ್ದಿತು. ತಿರುಪುಮೊಳೆಗಳು ತುಕ್ಕು ತಿಂದು ತುಂಡಾಗಿದ್ದುವು. ಹೊಸ ಹಿಡಿಕೆಯನ್ನು ಆರಿಸುವುದು ಹೇಗೆ?

ಮೊದಲು ಅಳತೆ. ಎರಡು ಕೊನೆಗಳ ಮೊಳೆರಂಧ್ರಗಳ ನಡುವಣ ಅಂತರವನ್ನು ನಾವು ಅಳೆಯಬೇಕು. ನಮ್ಮ ದೇಶಕ್ಕೆ ಮೆಟ್ರಿಕ್ ಪದ್ಧತಿ ಬಂದುದು 1956ರ ಕಾಯಿದೆಯಿಂದ. ಅದಕ್ಕೆ ಹಿಂದಿನ ಹಿಡಿಕೆಗಳು ಅಂಗುಲದ ಲೆಕ್ಕದವು. 4 ಅಂಗುಲವೆಂದರೆ 101.6 ಮಿಲಿಮೀಟರು. ಅದರ ಬದಲು 96 ಮಿಲಿಮೀಟರಿನದನ್ನು ತಂದರೆ, ಹಳೆಯ ರಂಧ್ರದ ಮಗ್ಗುಲಲ್ಲೇ ಹೊಸದನ್ನು ಕೊರೆಯಬೇಕಾಗುತ್ತದೆ. ನಡುವಣ ಮರ ಒಡೆದು ಮೊಳೆ ನಿಲ್ಲದು. ಹೊಂದುವ ಹಿಡಿಕೆ ಸಿಕ್ಕದಿದ್ದರೆ, ಹಳೆಯ ರಂಧ್ರಕ್ಕೆ ಮರದ ಬೆಣೆಯನ್ನು ಅಂಟಿನೊಡನೆ ಬಡಿದು, ಒಣಗಿದ ಮೇಲೆ ಕೊರೆಯುವುದು ಲೇಸು.

ಬಳಿಕ ಲೋಹ. ಕಬ್ಬಿಣದ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುತ್ತದೆ. ಉಬ್ಬಿ ಮರವನ್ನೇ ಸೀಳಬಲ್ಲದು. ತಾಮ್ರ ಮತ್ತು ಸತುಗಳ ಮಿಶ್ರಲೋಹವಾದ ಹಿತ್ತಾಳೆಗೆ ಈ ತುಕ್ಕಿನ ಕಾಟವಿಲ್ಲ. ಆದರೆ ಅದನ್ನು ಕಬ್ಬಿಣದ ಮೊಳೆಗಳಿಂದ ಬಿಗಿದರೆ, ತೇವದಲ್ಲಿ ಎರಡು ಲೋಹಗಳೂ ಸೇರಿ ಪುಟ್ಟ ವಿದ್ಯುತ್ಕೋಶವಾಗುತ್ತವೆ. ಕಬ್ಬಿಣ ಬೇಗನೆ ಸವೆಯುತ್ತದೆ. ಹಿತ್ತಾಳೆಗೆ ಹಿತ್ತಾಳೆಯ ಮೊಳೆಯೇ ಸರಿ.

ಹಿಡಿಕೆಯನ್ನು ಇನ್ನೊಮ್ಮೆ ಕೊಳ್ಳಬಹುದು; ಸೀಳಿದ ಹಳೆಯ ಕದವನ್ನು ಕೂಡಿಸುವುದು ಸುಲಭವಲ್ಲ.