ಜಲಾಶಯದ ಮೀನುಗಾರಿಕೆಗೆ ಅಲ್ಯೂಮಿನಿಯಂ ದೋಣಿ: ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಸಂಗತಿಗಳು

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆ ಜಲಾಶಯವು ಮೈಸೂರು ಒಡೆಯರ ಆಳ್ವಿಕೆಯಲ್ಲಿ, 19ನೆಯ ಶತಮಾನದ ಕೊನೆಯ ಭಾಗದಲ್ಲಿ, ಸುವರ್ಣಮುಖಿ ನದಿಗೆ ಅಡ್ಡಲಾಗಿ ನಿರ್ಮಾಣಗೊಂಡುದು. ಬಯಲುಸೀಮೆಯ ಇಂತಹ ಜಲಾಶಯಗಳ ಸ್ವಭಾವವೇ ಬೇರೆ. ಒಳ್ಳೆಯ ಮಳೆಯಾದ ವರ್ಷ ಕಣ್ಣು ಹಾಯುವಷ್ಟು ದೂರ ನೀರು ಹರಡುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರು ಹಿಂದಕ್ಕೆ ಸರಿದು, ಅಂಗಳದಲ್ಲಿ ಜಾಲಿ ಬೆಳೆಯುತ್ತದೆ. ಮತ್ತೆ ನೀರು ಬಂದಾಗ ಆ ಜಾಲಿಯ ಮೋಟುಗಳು ನೀರಿನಡಿ ಕಾಣದಂತೆ ನಿಂತಿರುತ್ತವೆ. ಮೀನುಗಾರನ ಬಲೆ ಸಿಕ್ಕಿಕೊಳ್ಳುವುದೂ, ಹರಿಗೋಲಿನ ತಳ ಹರಿಯುವುದೂ ಬಹುಮಟ್ಟಿಗೆ ಇಲ್ಲಿಯೇ.

ಕರಾವಳಿಯಲ್ಲಿ ಬಳಸಲೆಂದು ಬೆಸುಗೆ ಹಾಕಿ ಕಟ್ಟುವ ಅಲ್ಯೂಮಿನಿಯಂ ದೋಣಿಗಳು ಹೊರದೇಶಗಳಲ್ಲಿ ಸಾಮಾನ್ಯವಾಗಿವೆ. ನಮ್ಮ ಕರಾವಳಿಯಲ್ಲಿ ಅವುಗಳ ಬಳಕೆ ವಿರಳ. ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ಕಾಣುವುದು ಮರದ ಹಾಗೂ ಉಕ್ಕಿನ ದೋಣಿಗಳು, ನಾಡದೋಣಿಗಳಲ್ಲಿ ಹೆಚ್ಚಾಗಿ ಫೈಬರ್. ಒಳನಾಡಿನ ಕೆರೆಗೂ ಅಂತಹ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಳ್ಳಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಕೊಳ್ಳಬಹುದು, ಆದರೆ ಸಮುದ್ರಕ್ಕೆಂದು ಕಟ್ಟಿದುದನ್ನು ತಂದು ಕೆರೆಗೆ ಇಳಿಸಬಾರದು. ಅಲೆಯನ್ನು ಸೀಳುವ ಸಲುವಾಗಿ ಸಮುದ್ರದ ದೋಣಿಯ ತಳ ಚೂಪಾಗಿರುತ್ತದೆ. ಅದು ಆಳವಾದ ನೀರನ್ನು ಬೇಡುತ್ತದೆ. ಮೊಣಕಾಲುದ್ದದ ನೀರಿನಲ್ಲಿ ಹೊರಟು ಕೆಸರಿನ ದಡಕ್ಕೆ ಮರಳಬೇಕಾದ ಕಡೆ ಚಪ್ಪಟೆ ತಳದ, ನಾಲ್ವರು ಎತ್ತಿ ಸಾಗಿಸಬಹುದಾದ ದೋಣಿಯೇ ತಕ್ಕುದು.

ಮೊದಲು ಹರಿಗೋಲಿನ ವಿಚಾರ. ಬಿದಿರಿನ ಸೀಳುಗಳ ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲ ಹೊದಿಸಿ ಟಾರು ಬಳಿಯುತ್ತಾರೆ. ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಹುದು. ಹರಿದರೆ ದಡದಲ್ಲೇ ತೇಪೆ ಹಾಕಬಹುದು. ಇದನ್ನು ಹಳೆಯ ಕಾಲದ ವಸ್ತುವೆಂದು ತಳ್ಳಿಹಾಕುವುದು ತಪ್ಪು. ಒಬ್ಬಿಬ್ಬರು ಬೀಡುಬಲೆ ಹಾಕುವ ಸಣ್ಣ ಕೆರೆಗಳಿಗೆ ಇದಕ್ಕಿಂತ ಅಗ್ಗವೂ ಅನುಕೂಲವೂ ಆದುದು ಮತ್ತೊಂದಿಲ್ಲ. ಆದರೆ ನೀರು ತುಂಬಿದ ಜಲಾಶಯದ ನಡುವೆ ಗಾಳಿ ಎದ್ದಾಗ, ಅಥವಾ ಭಾರವಾದ ಬಲೆಯನ್ನು ಒಂದೇ ಬದಿಯಿಂದ ಎಳೆಯುವಾಗ, ಹರಿಗೋಲು ಮಗುಚುವ ಅಪಾಯವಿದೆ. ಕಾಟ್ಲಾ, ರೋಹು, ಮೃಗಾಲ್ ಮೀನುಗಳ ದೊಡ್ಡ ಹಿಡಿಯ ದಿನಗಳಲ್ಲಿ ಹೆಚ್ಚು ಮಂದಿ ಒಂದೇ ಹರಿಗೋಲಿಗೆ ಏರಿದರೆ ಅಪಾಯ ಇನ್ನೂ ಹೆಚ್ಚುತ್ತದೆ. ದೋಣಿಯ ಅಗತ್ಯವನ್ನು ಅಳೆಯಬೇಕಾದುದು ಇಂತಹ ದಿನದ ಬಳಕೆಯಿಂದ.

ಅಲ್ಯೂಮಿನಿಯಂನ ಮುಖ್ಯ ಗುಣ ಹಗುರತನ. 3 ಮಿ.ಮೀ. ದಪ್ಪದ ಒಂದು ಚದರ ಮೀಟರ್ ತಗಡು ಸುಮಾರು 8 ಕಿ.ಗ್ರಾಂ. ತೂಗುತ್ತದೆ, ಅಷ್ಟೇ ದಪ್ಪದ ಉಕ್ಕು 23 ಕಿ.ಗ್ರಾಂ.ಗೂ ಹೆಚ್ಚು. 4 ಮೀಟರ್ ಉದ್ದ, 1.2 ಮೀಟರ್ ಅಗಲ, ಅರ್ಧ ಮೀಟರ್ ಎತ್ತರದ ಚಪ್ಪಟೆ ದೋಣಿಗೆ ಸುಮಾರು 10 ಚದರ ಮೀಟರ್ ತಗಡು ಬೇಕಾಗುತ್ತದೆ. ತಗಡಿನ ತೂಕ 80 ಕಿ.ಗ್ರಾಂ., ಪಟ್ಟಿ ಮತ್ತು ಕೂರುವ ಹಲಗೆ ಸೇರಿ 110 ಕಿ.ಗ್ರಾಂ. ಎಂದಿಟ್ಟುಕೊಳ್ಳಬಹುದು. ಇದರಲ್ಲಿ ಮೂವರು ಕುಳಿತು, ಬಲೆ ಮತ್ತು ಮೀನು 175 ಕಿ.ಗ್ರಾಂ. ಆದರೆ ಒಟ್ಟು ಭಾರ 480 ಕಿ.ಗ್ರಾಂ. ಸಮೀಪಿಸುತ್ತದೆ. ಒಂದು ಚದರ ಮೀಟರ್ ತಳವು 1 ಸೆಂ.ಮೀ. ಮುಳುಗಿದರೆ 10 ಕಿ.ಗ್ರಾಂ. ಭಾರ ಹೊರುತ್ತದೆ, ಈ ದೋಣಿಯ ತಳ 4.8 ಚದರ ಮೀಟರ್. ಆದ್ದರಿಂದ ಅದು ಮುಳುಗುವುದು ಸುಮಾರು 10 ಸೆಂ.ಮೀ. ಮಾತ್ರ; ತುದಿಗಳನ್ನು ಓರೆಯಾಗಿ ಕಟ್ಟಿದ್ದರೆ ತುಸು ಹೆಚ್ಚು. ಮಾರಾಟಗಾರನು ಹೇಳುವ ಸಾಮರ್ಥ್ಯವನ್ನು ಸದಸ್ಯರು ಇದೇ ಲೆಕ್ಕದಿಂದ ಸಭೆಯಲ್ಲಿಯೇ ತಾಳೆ ನೋಡಬಹುದು.

ನೀರು ತುಂಬಿದ ಅಲ್ಯೂಮಿನಿಯಂ ದೋಣಿ ತಾನಾಗಿ ತೇಲದು ಎಂಬುದನ್ನು ಮಾತ್ರ ಮರೆಯಬಾರದು. 110 ಕಿ.ಗ್ರಾಂ. ಲೋಹವು ಸರಿಸುವುದು ಕೇವಲ 40 ಲೀಟರಿನಷ್ಟು ನೀರನ್ನು. ಉಳಿದ 70 ಕಿ.ಗ್ರಾಂ. ತಳಕ್ಕೆ ಎಳೆಯುತ್ತದೆ. ಆದಕಾರಣ ಹಲಗೆಗಳ ಕೆಳಗೆ ನೀರು ಹೀರದ ಫೋಮ್ ತುಂಬಿದ ಮುಚ್ಚಿದ ಕೋಣೆಗಳು ಇರಲೇಬೇಕು. ದೋಣಿಯನ್ನು ತೇಲಿಸಲು 70 ಲೀಟರ್ ಸಾಕಾದರೂ, ಅದನ್ನು ಹಿಡಿದು ಈಜುವವರ ಭಾರಕ್ಕೂ ಅವಕಾಶವಿಟ್ಟು 150 ಲೀಟರ್ ಕೇಳುವುದು ಕ್ಷೇಮ. ಬೆಲೆ ಇಳಿಸುವ ಗುತ್ತಿಗೆದಾರನು ಮೊದಲು ಕೈಬಿಡುವುದು ಹೊರಗೆ ಕಾಣದ ಈ ಫೋಮನ್ನೇ.

ಇನ್ನು ಬೆಸುಗೆ. ತಿಪಟೂರು, ಹುಳಿಯಾರಿನ ವರ್ಕ್‌ಶಾಪುಗಳಲ್ಲಿ ಟ್ರೈಲರ್, ಗೇಟು, ಕಿಟಕಿಗಳನ್ನು ಬೆಸೆಯುವ ಕುಶಲಿಗಳಿದ್ದಾರೆ. ಹಾಗಿರುವಾಗ ದೋಣಿಯನ್ನು ಊರಿನಲ್ಲಿಯೇ ಏಕೆ ಮಾಡಿಸಬಾರದೆಂಬ ಸಲಹೆ ಬರುವುದು ಸಹಜ. ಅಡ್ಡಿಯಿರುವುದು ಲೋಹದ ಗುಣದಲ್ಲಿ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದರ ಮೈಮೇಲೆ ಗಾಳಿಯಿಂದ ತಾನಾಗಿ ಕಟ್ಟುವ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಹೆಚ್ಚು ಬೇಕು. ಪೊರೆ ಕರಗುವಷ್ಟರಲ್ಲಿ ಕೆಳಗಿನ ತಗಡು ತೂತಾಗಿರುತ್ತದೆ. ಆದ್ದರಿಂದ ಬೆಸೆಯುವ ಮುನ್ನ ಅಂಚುಗಳ ಎಣ್ಣೆ ಒರೆಸಿ, ಸ್ಟೇನ್‌ಲೆಸ್ ತಂತಿಯ ಬ್ರಷ್ಷಿನಿಂದ ಉಜ್ಜಿ, ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಟಿಗ್ ಅಥವಾ ಮಿಗ್ ಯಂತ್ರದಿಂದ ಬೆಸೆಯಬೇಕು. ತೇವವಿದ್ದರೆ ಬೆಸುಗೆಯೊಳಗೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಕಬ್ಬಿಣ ಬೆಸೆಯುವ ಸಾಮಾನ್ಯ ಆರ್ಕ್ ಯಂತ್ರದ ಕೆಲಸ ಇದಲ್ಲ. ಅನುಭವ ಮತ್ತು ಯಂತ್ರ ಎರಡೂ ಇರುವ ಸ್ಥಳೀಯ ವರ್ಕ್‌ಶಾಪ್ ಇದ್ದರೆ ಅದಕ್ಕೇ ಆದ್ಯತೆ ನೀಡುವುದು ಒಳಿತು, ಏಕೆಂದರೆ ದುರಸ್ತಿಗೂ ಅಲ್ಲಿಗೇ ಹೋಗಬೇಕಾಗುತ್ತದೆ.

ಬೇಡಿಕೆ ಪತ್ರದಲ್ಲಿ ‘ಉತ್ತಮ ದರ್ಜೆಯ ಅಲ್ಯೂಮಿನಿಯಂ’ ಎಂದಷ್ಟೇ ಬರೆದರೆ ಏನನ್ನೂ ಬರೆದಂತಾಗುವುದಿಲ್ಲ. ದೋಣಿಗೆ ಬಳಸುವುದು ಮೆಗ್ನೀಷಿಯಂ ಬೆರೆತ 5052 ಅಥವಾ 5083 ದರ್ಜೆಯ ತಗಡು. ಸಿಹಿನೀರಿಗೆ 5052 ಸಾಕು. ದರ್ಜೆ, ದಪ್ಪ, ಬೆಸುಗೆಯ ವಿಧಾನ, ಫೋಮಿನ ಪ್ರಮಾಣ, ತಯಾರಕರ ಪರೀಕ್ಷಾ ಪ್ರಮಾಣಪತ್ರ ಇವೆಲ್ಲ ಬರಹದಲ್ಲಿರಬೇಕು. ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಅನುಗುಣವಾಗಿ ನಡೆಯಬೇಕಾದುದರಿಂದ, ವಿವರಣೆ ಸ್ಪಷ್ಟವಿಲ್ಲದಿದ್ದರೆ ಕಡಿಮೆ ದರದವನ ತೆಳು ತಗಡನ್ನು ನಿರಾಕರಿಸಲು ಆಧಾರವೇ ಇರುವುದಿಲ್ಲ. ಫಲಾನುಭವಿಗಳೇ ಕೊಳ್ಳುವುದಾದರೆ, 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಫಲಾನುಭವಿ ಆಧಾರಿತ ಘಟಕಗಳಲ್ಲಿ ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ. 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಶೇ. 60ರವರೆಗೆ ನೆರವು ನಿಗದಿಯಾಗಿದೆ. ಉದ್ದೇಶಿತ ದೋಣಿಗೆ ಅದು ಅನ್ವಯಿಸುವುದೇ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ ಮುಂದುವರಿಯಬೇಕು.

ದೋಣಿ ಬಂದ ದಿನ ಹಣ ಪಾವತಿಗೆ ಮುನ್ನ ಮಾಡಬಹುದಾದ ಸುಲಭ ಪರೀಕ್ಷೆಯೊಂದಿದೆ. ಬೆಸುಗೆಯ ಹೊರಮೈಗೆ ಸೀಮೆಸುಣ್ಣದ ನೀರು ಬಳಿದು ಒಣಗಿಸಿ, ಒಳಮೈಗೆ ಸೀಮೆಎಣ್ಣೆ ಸವರಿ ಅರ್ಧ ಗಂಟೆ ಕಾಯಬೇಕು. ರಂಧ್ರವಿದ್ದಲ್ಲಿ ಬಿಳಿಯ ಮೇಲೆ ಎಣ್ಣೆಯ ಕಲೆ ಮೂಡುತ್ತದೆ. ನಂತರ ಎರಡೂ ಮೈಗಳನ್ನು ಚೆನ್ನಾಗಿ ತೊಳೆಯಬೇಕು. ತೂಕ ನೋಡಲು ತೆಂಗಿನಕಾಯಿ ಚೀಲ ತೂಗುವ ಕಾಟಾ ಇದ್ದರೆ ಸಾಕು. ತೂಕ ಲೆಕ್ಕಕ್ಕಿಂತ ತೀರ ಕಡಿಮೆಯಿದ್ದರೆ ತಗಡು ತೆಳುವಾಗಿದೆಯೆಂದೇ ಅರ್ಥ.

ಈ ಲೋಹಕ್ಕೆ ತುಕ್ಕಿನ ಕಾಟವಿಲ್ಲವೆಂಬ ಮಾತು ಅರ್ಧ ಸತ್ಯ. ತಾಮ್ರ, ಹಿತ್ತಾಳೆ ಅಥವಾ ಕಬ್ಬಿಣ ತಾಗಿದ್ದು ನಡುವೆ ನೀರಿದ್ದರೆ ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಮ್ಮೇ. ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೂ ರಬ್ಬರ್ ವಾಷರ್ ಇರಬೇಕು. ತಾಮ್ರ ಬೆರೆತ ಬಣ್ಣ ಬಳಿಯಬಾರದು. ಹಸಿ ಸಿಮೆಂಟು, ಸುಣ್ಣ ಇದಕ್ಕೆ ವಿಷವಿದ್ದಂತೆ. ಏರಿಯ ಕಾಮಗಾರಿಗೆ ಸಿಮೆಂಟು ಸಾಗಿಸಲು ಮೀನಿನ ದೋಣಿ ಕೊಡಬಾರದು. ಬಳಕೆಯಿಲ್ಲದಾಗ ತೆಂಗಿನ ದಿಮ್ಮಿಗಳ ಮೇಲೆ ಹಳೆಯ ಟೈರಿನ ತುಂಡು ಹಾಸಿ ಬೋರಲು ಹಾಕಿಡುವುದು ಒಳ್ಳೆಯದು. ಗುಜರಿಯಲ್ಲಿ ಒಳ್ಳೆಯ ಬೆಲೆ ಸಿಗುವ ವಸ್ತುವಾದುದರಿಂದ ಕಳ್ಳತನದ ಭಯವೂ ಉಂಟು. ಗ್ರಾಮ ಪಂಚಾಯಿತಿಯ ಹೆಸರು, ಆಸ್ತಿ ವಹಿಯ ಸಂಖ್ಯೆಯನ್ನು ಬಣ್ಣದಲ್ಲಿ ಬರೆಯದೆ ಲೋಹದಲ್ಲಿಯೇ ಕೊರೆಸಬೇಕು.

ದೋಣಿಯ ಬೆಲೆಯೊಂದಿಗೆ ಜೀವರಕ್ಷಕ ಜಾಕೆಟ್ಟುಗಳ ಬೆಲೆಯನ್ನೂ ಒಂದೇ ಅಂದಾಜಿನಲ್ಲಿ ಸೇರಿಸಬೇಕು. ಪ್ರತ್ಯೇಕವಾಗಿ ಇಟ್ಟರೆ ಅದು ಮುಂದಿನ ಸಾಲಿಗೆ ಹೋಗುತ್ತದೆ, ಮೀನುಗಾರರು ಮಾತ್ರ ಈ ಸಾಲಿನಲ್ಲಿಯೇ ನೀರಿಗೆ ಇಳಿಯುತ್ತಾರೆ.