ಕಪ್ಪೆ ಬೋರ್ಡಿನ ತೋಟದಲ್ಲಿ ತೂಕದ ಹೊತ್ತು

ಆಲ್ದೂರು ದಾಟಿ ಬಾಳೆಹೊನ್ನೂರಿನ ಕಡೆ ಹೊರಟಾಗ, ಕಾಫಿ ತೋಟವೊಂದರ ಗೇಟಿನ ಬೋರ್ಡಿನಲ್ಲಿ ಹಸಿರು ಕಪ್ಪೆ ಕೂತಿತ್ತು. 1987ರಲ್ಲಿ ಹುಟ್ಟಿದ, ತೋಟಗಳಿಗೆ ಪ್ರಮಾಣಪತ್ರ ಕೊಡುವ ರೇನ್‌ಫಾರೆಸ್ಟ್ ಅಲಯನ್ಸ್‌ನ ಮುದ್ರೆ ಅದು. ಅದರ ಮೂಲ ಮಧ್ಯ ಅಮೆರಿಕದ ಕೆಂಗಣ್ಣಿನ ಮರಗಪ್ಪೆ.

ಸಂಜೆ ಆ ತೋಟದ ಕಣದ ಪಕ್ಕ ಹಣ್ಣಿನ ಚೀಲಗಳು ಸಾಲಾಗಿದ್ದವು. ಎಲೆಕ್ಟ್ರಾನಿಕ್ ತಕ್ಕಡಿಗೆ ಎರಡು ಮುಖ: ಒಂದು ಲೆಕ್ಕ ಬರೆಯುವ ರೈಟರ್ ಕಡೆ, ಇನ್ನೊಂದು ಕೊಯ್ಲಿನವರ ಕಡೆ.

‘ಈಗ ನಂಬರು ನಮಗೂ ಕಾಣ್ತದೆ ಸಾರ್. ಮೊದಲು ರೈಟರು ಹೇಳಿದ್ದೇ ಲೆಕ್ಕ’ ಎಂದರು ಒಬ್ಬ ಹೆಂಗಸು.

‘ಆ ಕಪ್ಪೆ ಏನಕ್ಕಾ?’

‘ಅದಾ? ಆಡಿಟ್‌ನೋರು ಬರೋ ಹಿಂದಿನ ದಿನ ತೊಳೀತಾರೆ.’

1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯೇ ಲೈನ್ ಮನೆ, ಶಿಶುವಿಹಾರ, ಕುಡಿಯುವ ನೀರು ಕೊಡಿ ಎಂದಿತ್ತು. ಆಮೇಲೆ ಪ್ರಮಾಣಪತ್ರಗಳು ಬಂದವು. ಷೇರುಪೇಟೆಯ ಮೊದಲ 1,000 ಕಂಪನಿಗಳು ಪರಿಸರ, ಕಾರ್ಮಿಕ, ಆಡಳಿತದ ವರದಿ ಕೊಡಲೇಬೇಕೆಂದು 2022-23ರಿಂದ ಸೆಬಿ ಕಟ್ಟುಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿ ಬೇಡವೆಂದು ಯುರೋಪು ಕಾನೂನು ಮಾಡಿದೆ. ಈ ಕಾಗದಗಳನ್ನೆಲ್ಲ ಓದಿದ ಕೆಲವರು ಕೆಲಸಗಾರರ ಮನಸ್ಸೂ ತನ್ನಷ್ಟಕ್ಕೆ ಹಸಿರಾಗುತ್ತದೆ ಎಂದುಕೊಳ್ಳುತ್ತಾರೆ. ನನಗೆ ಆ ನಂಬಿಕೆಯಿಲ್ಲ.

ದೂರಿನ ಪೆಟ್ಟಿಗೆಯೂ ಇತ್ತು, ಆಫೀಸಿನ ಬಾಗಿಲ ಪಕ್ಕದಲ್ಲೇ. ಚೀಟಿ ಹಾಕುವವರು ಯಾರೆಂದು ಒಳಗಿನಿಂದ ಚೆನ್ನಾಗಿ ಕಾಣುತ್ತದೆ. ಮೇಲಿನ ಬರಹ ಕನ್ನಡ, ಇಂಗ್ಲಿಷಿನಲ್ಲಿ. ಲೈನಿನ ಅರ್ಧದಷ್ಟು ಮನೆಗಳಲ್ಲಿ ಅಸ್ಸಾಮಿನವರು. ಪೆಟ್ಟಿಗೆಯ ಸೀಳಿಗೆ ಜೇಡ ಬಲೆ ಕಟ್ಟಿತ್ತು.

ತಕ್ಕಡಿಯ ಸುತ್ತ ಮಾತ್ರ ನೂಕುನುಗ್ಗಲು. ಒಬ್ಬಾಕೆಯ ಚೀಲ ಏರಿತು. ಅಂಕಿಗಳು ಒಂದಿಷ್ಟು ಹೊಯ್ದಾಡಿ ನಿಂತವು. ರೈಟರ್ ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ ಅವಳು ಅಂದಳು: ‘ಅರವತ್ತೆರಡೂವರೆ. ಬರ್ಕೊಳ್ಳಿ.’